ಕಾಲುವೆಯ ಸಾಲಿನಲ್ಲಿ ಕುಳಿತವರು

ರೊಸಾಲ್ಬಾ ಕಿಂತಾನಾ ಯುಫೇಮಿಯಾಳನ್ನು ಮೊದಲು ಕಂಡದ್ದು ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಸೌಸಾಲ್ ಹಳ್ಳಿಯ ಕಾಲುವೆ ಏರಿಯ ಮೇಲೆ. ಬಿಸಿಲೇರಿದ್ದರೂ ಗಾಳಿಯಲ್ಲಿ ಇನ್ನೂ ಬೆಟ್ಟದ ಹಿಮದ ಚಳಿಯಿತ್ತು. ಹಳ್ಳಿಯ ಸಭಾಭವನ ಎಲ್ಲಿದೆ ಎಂದು ತಿಳಿಯದೆ ರೊಸಾಲ್ಬಾ ತನ್ನ ಹಳೆಯ ಕಾರನ್ನು ಏರಿಯ ಅಂಚಿಗೆ ನಿಲ್ಲಿಸಿ ಫೋನು ನೋಡುತ್ತಿದ್ದಳು. ಹಿಂದೆ ಹಳದಿ ಶಾಲಾ ಬಸ್ಸೊಂದು ಬಂದು ನಿಂತು ಬಿಡದೆ ಹಾರನ್ ಹೊಡೆಯಿತು. ಚಾಲಕಿಯ ಕಿಟಕಿಯಿಂದ ನರೆತ ಜಡೆಯೊಂದು ಹೊರಗೆ ಇಳಿಬಿತ್ತು, ಅದರ ಹಿಂದೆಯೇ ಕೆಂಪು ಮುಖ.

"ಏನಮ್ಮಾ, ನಿನ್ನ ಚಕ್ರ ಎಲ್ಲಿದೆ ನೋಡು! ಏರಿ ಕುಸಿದು ಮಣ್ಣೆಲ್ಲ ನನ್ನ ನೀರಿಗೆ ಬೀಳ್ತಿದೆ!"

ಯುಫೇಮಿಯಾ ಬಸ್ಸಿಂದ ಇಳಿದಳು. ಸೀಟಿನ ಕೆಳಗೆ ಸದಾ ಇಟ್ಟಿರುತ್ತಿದ್ದ ಸಲಿಕೆಯನ್ನು ಎಳೆದು ತಂದು ರೊಸಾಲ್ಬಾಳ ಕೈಗೆ ಕೊಟ್ಟಳು. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಂತೆ ರೊಸಾಲ್ಬಾ ಕಾಲುವೆಗಿಳಿದು ಮಣ್ಣು ಎತ್ತಿ ಹಾಕಿದಳು.

"ಸಲಿಕೆ ಹಿಡಿಯೋಕೆ ಬರುತ್ತೆ ನಿನಗೆ. ಯಾರ ಮಗಳು?"

"ಗುಡ್ಡದ ಆಚೆ ಕಡೆಯ ಕಿಂತಾನಾ ಮನೆಯವಳು. ಅಪ್ಪ ಮರದ ಮಿಲ್ಲಲ್ಲಿದ್ರು. ನಾನು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡ್ತಿದೀನಿ. ನೀರಿನ ಅರ್ಥಶಾಸ್ತ್ರ."

"ಅಂದ್ರೆ ಯಾರಿಗೆ ಕಡಿಮೆ ಬಂತು ಅಂತ ಜಗಳ ಆಡೋದು ತಾನೆ? ಅದರಲ್ಲಿ ನಮ್ಮೂರೋರೆಲ್ಲ ಆಗಲೇ ಡಾಕ್ಟರು ಕಣೇ!" ಎಂದು ಯುಫೇಮಿಯಾ ನಕ್ಕು, ಸಲಿಕೆ ಕಿತ್ತುಕೊಂಡು ಬಸ್ಸು ಹತ್ತಿದಳು.

ನ್ಯೂ ಮೆಕ್ಸಿಕೋದಲ್ಲಿ ಆ ವರ್ಷವೂ ಹಿಮ ಕಡಿಮೆ ಬಿದ್ದಿತ್ತು. ಹಳ್ಳಿಗಳ ತೂಬುಗಳಿಗೆಲ್ಲ ಬೀಗ ಹಾಕಿ, ಬೀಗದ ಕೈಯನ್ನು ಸರ್ಕಾರದ ನೌಕರರಿಗೆ ಕೊಡುವ ಮಾತು ಜಲ ಸಮಿತಿಯಲ್ಲಿ ನಡೆದಿತ್ತು. ಬರ ಬಂದಾಗ ಹಳ್ಳಿಗರು ಹಂಚಿಕೊಳ್ಳಲಾರರು, ಮೇಲಿನವನು ಎಲ್ಲ ಎಳೆದುಕೊಳ್ಳುತ್ತಾನೆ ಎಂಬುದು ಸಮಿತಿಯ ವಾದ. ಅದು ನಿಜವೇ ಎಂದು ಪರೀಕ್ಷಿಸುವುದೇ ರೊಸಾಲ್ಬಾಳ ಸಂಶೋಧನೆ. ಅವಳ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿಗಳು. ಅಪ್ಪನ ತೂಬಿಗೂ ಆ ಬೀಗ ಬೀಳುವುದಿತ್ತು.

ಅವಳು ಒಂದು ಆಟ ಕಟ್ಟಿದ್ದಳು. ಬಟ್ಟಲಿನ ತುಂಬ ಒಣಹುರುಳಿಕಾಯಿಯ ಕಾಳು. ಕಾಳೇ ನೀರು. ಐದು ಜನ ಸಾಲಾಗಿ ಕೂರಬೇಕು, ಬಟ್ಟಲು ಮೇಲಿನಿಂದ ಕೆಳಗೆ ಸಾಗಬೇಕು, ಒಬ್ಬೊಬ್ಬರೂ ಬೇಕಾದಷ್ಟು ತೆಗೆದುಕೊಳ್ಳಬಹುದು. ಸುತ್ತಿನ ಕೊನೆಗೆ ಬಟ್ಟಲಲ್ಲಿ ಎಷ್ಟು ಉಳಿಯಿತೋ ಅಷ್ಟೇ ಹೊಸ ಕಾಳನ್ನು ಅವಳು ಸೇರಿಸುತ್ತಿದ್ದಳು. ಬಟ್ಟಲು ಬರಿದಾದರೆ ಆಟ ಮುಗಿಯಿತು. ಕೈಗೆ ಸಿಕ್ಕ ಕಾಳಿಗೆ ತಕ್ಕ ಹಾಗೆ ಅಂಗಡಿಯ ಕೂಪನ್.

ಮೇ ತಿಂಗಳಲ್ಲಿ ಸೌಸಾಲಿನಲ್ಲಿ ಮೊದಲ ಆಟ ನಡೆದಾಗ ಸಭಾಭವನ ಸಂತೆಯಾಯಿತು. "ಮೆಲಿತೋನ್, ಆ ಮುಷ್ಟಿ ಬಿಚ್ಚು! ನಿನ್ನ ತೋಟದ ಸೇಬಿಗೆ ಸ್ನಾನ ಮಾಡಿಸ್ತೀಯೇನು?" ಎಂದು ಯುಫೇಮಿಯಾ ತನ್ನ ಮೈದುನನ ಮೇಲೆ ಹರಿಹಾಯ್ದಳು. ಅವನು ಬೈದುಕೊಂಡೇ ಕಾಳನ್ನು ವಾಪಸ್ ಸುರಿದ. ಕತ್ತಲಾದರೂ ಬಟ್ಟಲು ಬರಿದಾಗಲಿಲ್ಲ. ಕೊನೆಗೆ ರೊಸಾಲ್ಬಾಳೇ ಆಟ ನಿಲ್ಲಿಸಬೇಕಾಯಿತು. ಆವತ್ತು ಅವಳು ಹಾಡು ಹೇಳಿಕೊಂಡೇ ಮನೆಗೆ ಕಾರು ಓಡಿಸಿದಳು. ಜಲ ಸಮಿತಿ ತನ್ನ ಮುಂದಿನ ಸಭೆಗೆ ಅವಳನ್ನು ಕರೆಯಿತು.

ಬರೆದದ್ದನ್ನೆಲ್ಲ ಓದಿದ ಅವಳ ಮಾರ್ಗದರ್ಶಿ ಪ್ರೊಫೆಸರ್ ಹ್ಯಾನ್ಸನ್ ಕೇಳಿದ್ದು ಒಂದೇ ಪ್ರಶ್ನೆ. "ಯಾರು ಎಲ್ಲಿ ಕೂರಬೇಕು ಅಂತ ಹೇಗೆ ತೀರ್ಮಾನ ಮಾಡಿದೆ?"

"ತೀರ್ಮಾನ ಏನಿಲ್ಲ ಮೇಡಂ. ಬಂದ್ರು, ಕೂತ್ರು."

"ಹಾಗಾದ್ರೆ ಚೀಟಿ ಎತ್ತಿ ಕೂರಿಸಿ ಇನ್ನೊಂದು ಸಲ ಆಡಿಸು. ನಾನೂ ಬರ್ತೀನಿ. ಅದೇ ಫಲ ಬರದಿದ್ರೆ ಸಮಿತಿ ಮುಂದೆ ಹೋಗೋದು ಬೇಡ."

ಎರಡನೆಯ ಆಟಕ್ಕೂ ಅದೇ ಐದು ಜನ ಬಂದರು. ಚೀಟಿಯಲ್ಲಿ ಯುಫೇಮಿಯಾಗೆ ಎಲ್ಲರಿಗಿಂತ ಮೇಲಿನ ಕುರ್ಚಿ ಬಂತು. ಅವಳ ಕೆಳಗೆ ನಿವೃತ್ತ ಪೋಸ್ಟ್ ಮಾಸ್ಟರ್ ವೆನ್ಸೆಸ್ಲಾವೊ ಕುಳಿತ. ಮೆಲಿತೋನ್ ಕೊನೆಗೆ ಹೋದ. ಯುಫೇಮಿಯಾ ಬಟ್ಟಲಿಗೆ ಒಂದು ಕೈ ಹಾಕಿದಳು. ಅತ್ತಿತ್ತ ನೋಡಿದಳು. ಯಾರೂ ಏನೂ ಅನ್ನಲಿಲ್ಲ. ಇನ್ನೊಂದು ಕೈಯನ್ನೂ ಹಾಕಿದಳು. ವೆನ್ಸೆಸ್ಲಾವೊ ಸಂಭಾವಿತನ ಹಾಗೆ ಕೆಮ್ಮಿ ಉಳಿದದ್ದರಲ್ಲಿ ಒಂದಷ್ಟು ತೆಗೆದುಕೊಂಡ. ಎರಡನೆಯ ಸುತ್ತಿಗೆ ಬಟ್ಟಲ ತಳ ಕಂಡಿತು.

ಭವನದಲ್ಲಿ ಒಲೆಯ ಮೇಲಿನ ಮೆಣಸಿನಕಾಯಿ ಸಾರು ಕುದಿಯುವ ಸದ್ದಷ್ಟೇ ಕೇಳುತ್ತಿತ್ತು.

"ಥೂ, ಕಳ್ಳಿ!" ಎಂದು ಮೆಲಿತೋನ್ ಮೇಜಿನ ಕೊನೆಯಿಂದ ಕೂಗಿದ. "ವರ್ಷವೆಲ್ಲ ನನಗೆ ಬಯ್ತಿದ್ದೋಳು ನೀನೇನಾ?"

"ತಪ್ಪು ನಂದಾ? ನನ್ನನ್ನ ಮೇಲೆ ಕೂರಿಸಿದ್ದು ಯಾರು?" ಯುಫೇಮಿಯಾ ಎರಡೂ ಮುಷ್ಟಿ ಎತ್ತಿ ನಿಂತಳು. "ನಮ್ಮಜ್ಜಿ ಕಾಲದಿಂದ ನಾವು ಕಾಲುವೆ ಕೊನೇಲಿರೋರು. ಮೇಲಿರೋನಿಗೆ ಬಯ್ಯೋದು ನನ್ನ ಕೆಲಸ. ಇವತ್ತು ನನಗೆ ಬಯ್ಯೋರು ಯಾರಿದ್ರು? ಈ ವೆನ್ಸೆಸ್ಲಾವೊಗೆ ಬಾಯೇ ಇಲ್ಲ!"

"ನಾನು ಯಾರಿಗೆ ಬಯ್ದು ಗೊತ್ತಮ್ಮಾ?" ಎಂದ ವೆನ್ಸೆಸ್ಲಾವೊ ದೈನ್ಯದಿಂದ. "ನಂದು ಮೊದಲನೇ ತೂಬು. ನನ್ನ ಮೇಲಿರೋದು ಬೆಟ್ಟ, ಮೋಡ."

ರೊಸಾಲ್ಬಾ ಎದ್ದ ರಭಸಕ್ಕೆ ಅವಳ ಕುರ್ಚಿ ಹಿಂದಕ್ಕೆ ಬಿತ್ತು. ಮೇ ತಿಂಗಳಲ್ಲಿ ಮೊದಲ ಕುರ್ಚಿಯಲ್ಲಿ ಕೂತದ್ದು ವೆನ್ಸೆಸ್ಲಾವೊ. ಮೆಲಿತೋನ್ ನಾಲ್ಕನೆಯವನು, ಯುಫೇಮಿಯಾ ಕೊನೆಯವಳು. ತೂಬುಗಳು ಇದ್ದ ಹಾಗೆಯೇ! ತನ್ನ ಊರಿನ ಚರ್ಚಿನಲ್ಲೂ ಕಿಂತಾನಾ ಮನೆಯವರು ಸದಾ ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಅವರ ತೂಬೂ ಮೂರನೆಯದು. ಹುಟ್ಟಿದಾಗಿನಿಂದ ಕಂಡದ್ದು, ಅದಕ್ಕೇ ಕಣ್ಣಿಗೆ ಬಿದ್ದಿರಲಿಲ್ಲ. ಊರಿನವರು ಒಳ್ಳೆಯವರೆಂದು ಬಟ್ಟಲು ಉಳಿದದ್ದಲ್ಲ. ಪ್ರತಿಯೊಬ್ಬನಿಗೂ ಕೆಳಗೊಬ್ಬ ಬಯ್ಯುವವನಿದ್ದ, ಅವನಿಗೆ ಬಯ್ದು ಅಭ್ಯಾಸವಿತ್ತು.

"ಏಳಿ, ಎಲ್ಲರೂ ಏಳಿ! ನಿಮ್ಮ ನಿಮ್ಮ ಜಾಗಕ್ಕೆ ಹೋಗಿ!"

ಬಟ್ಟಲು ಮತ್ತೆ ತುಂಬಿತು. ಮೊದಲ ಸುತ್ತಿಗೇ ಗದ್ದಲ ಮರಳಿತು. "ಮೆಲಿತೋನ್, ಉಗುರಿನ ಸಂದೀಲಿ ಎಷ್ಟು ಬಚ್ಚಿಟ್ಟೆ?" "ಕಳ್ಳಿ ಮಾತಾಡಬಾರದು!" ಪ್ರೊಫೆಸರ್ ಕೈಯಲ್ಲಿದ್ದ ಕಾಫಿ ಆರಿ ತಣ್ಣಗಾಯಿತು. ಸುತ್ತಿನ ಮೇಲೆ ಸುತ್ತು ಕಳೆದರೂ ಬಟ್ಟಲು ಬರಿದಾಗಲಿಲ್ಲ.

"ಒಂದು ಸಂಜೆ ಸಾಕ್ಷಿ ಆಗಲ್ಲ ರೊಸಾಲ್ಬಾ," ಎಂದರು ಪ್ರೊಫೆಸರ್, ಆದರೆ ಅವರ ಕಣ್ಣು ನಗುತ್ತಿತ್ತು. "ಇನ್ನೂ ಊರುಗಳು ಬೇಕು."

ರೊಸಾಲ್ಬಾ ಸಮಿತಿಯ ಮುಂದೆ ತನಗೆ ಗೊತ್ತಿದ್ದುದನ್ನೂ ಗೊತ್ತಿಲ್ಲದ್ದನ್ನೂ ಹಾಗೆಯೇ ಹೇಳಿ ಒಂದು ವರ್ಷ ಕೇಳಿದಳು. ಸಿಕ್ಕಿತು. ಕಣಿವೆಯ ಉದ್ದಕ್ಕೂ ಎರಡೂ ಬಗೆಯಲ್ಲಿ ಆಡಿಸಿದಳು. ಚೀಟಿ ಎತ್ತಿದ ಕಡೆ ಬಟ್ಟಲು ಬೇಗ ಬರಿದಾಯಿತು, ಕಾಲುವೆಯ ಸಾಲಿನಲ್ಲಿ ಕೂತ ಕಡೆ ಹೆಚ್ಚಾಗಿ ಉಳಿಯಿತು. ಒಂದೂರಲ್ಲಿ ಅಣ್ಣತಮ್ಮಂದಿರಿಬ್ಬರು ಮಾತು ಬಿಟ್ಟಿದ್ದರು, ಅಲ್ಲಿ ಯಾವ ಸಾಲೂ ನಡೆಯಲಿಲ್ಲ. ಅದನ್ನೂ ಬರೆದಳು. ಸಮಿತಿ ಬೀಗದ ಯೋಚನೆ ಕೈಬಿಟ್ಟಿತು. ಬದಲಿಗೆ, ಬರಗಾಲದಲ್ಲಿ ಪ್ರತಿ ತೂಬಿನ ಪಾಲನ್ನೂ ಅದರ ಕೆಳಗಿನ ತೂಬಿನವರ ಎದುರಿಗೇ ಅಳೆಯಬೇಕೆಂಬ ನಿಯಮ ಬಂತು.

ಸುದ್ದಿ ಹೇಳಲು ರೊಸಾಲ್ಬಾ ನೇರವಾಗಿ ಸೌಸಾಲಿಗೆ ಓಡಿದಳು. ಬಸ್ಸು ತೊಳೆಯುತ್ತಿದ್ದ ಯುಫೇಮಿಯಾ ಕೇಳಿ, ಬಕೀಟು ಕೆಳಗಿಟ್ಟು, ಅವಳನ್ನು ಒದ್ದೆ ಕೈಯಲ್ಲೇ ತಬ್ಬಿಕೊಂಡಳು. "ಅಂದ್ರೆ ಇನ್ನು ಮೆಲಿತೋನನಿಗೆ ಬಯ್ಯೋದು ಕಾನೂನು! ಅವನಿಗೆ ನಾನೇ ಹೋಗಿ ಹೇಳ್ತೀನಿ, ನೀನು ಬಾಯಿ ಬಿಡಬೇಡ!"

ಈಗ ಯುಫೇಮಿಯಾ ಬೆಳಿಗ್ಗೆ ಶಾಲಾ ಬಸ್ಸು ಓಡಿಸುತ್ತಾಳೆ. ಸಂಜೆ ವಿಶ್ವವಿದ್ಯಾಲಯದ ಸಹಾಯಕಿಯಾಗಿ ಕಣಿವೆಯ ಹಳ್ಳಿಗಳಲ್ಲಿ ಜನರನ್ನು ಕೂರಿಸಿ ಕಾಳಿನ ಆಟ ನಡೆಸುತ್ತಾಳೆ.