ಮೂರನೇ ಸಾಲಿನ ಅಂಕ

ಹೋದ ಭಾನುವಾರ ಎದುರುಮನೆಯ ಮಂಜುನಾಥ್ ಹೊಸ ಗಾಡಿಯ ಟೆಸ್ಟ್ ಡ್ರೈವಿಗೆ ನನ್ನನ್ನೂ ಕರೆದುಕೊಂಡು ಹೋದ. ಜೀವನ್ ಬಿಮಾ ನಗರದ ನಮ್ಮ ರಸ್ತೆಯಲ್ಲಿ ಯಾರೇ ಕಾರು ಕೊಳ್ಳುವುದಿದ್ದರೂ ಒಮ್ಮೆ ನನ್ನ ಅಭಿಪ್ರಾಯ ಕೇಳುತ್ತಾರೆ. ವಿಮಾನ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತನಾದವನು ನಾನು. ವಿಮಾನದ ನಟ್ಟು ಬೋಲ್ಟು ನೋಡಿದವನಿಗೆ ಕಾರು ಯಾವ ಲೆಕ್ಕ ಎಂದು ಅವರ ನಂಬಿಕೆ. ಆ ನಂಬಿಕೆಯನ್ನು ಕೆಡಿಸಲು ನಾನೂ ಹೋಗಿಲ್ಲ. ಬಾನೆಟ್ ಎತ್ತಿಸಿ, ಎರಡು ನಿಮಿಷ ಸುಮ್ಮನೆ ನಿಂತು, ಕೊನೆಗೆ 'ಹೂಂ' ಎಂದರೆ ಅರ್ಧ ಕೆಲಸ ಮುಗಿಯುತ್ತದೆ.

ಅದು ಏಳು ಸೀಟಿನ ಗಾಡಿ. ಮುಂದೆ ಮಂಜುನಾಥ್ ಮತ್ತು ಶೋರೂಮಿನವರು, ಮಧ್ಯದಲ್ಲಿ ಅವನ ಹೆಂಡತಿ, ಇಬ್ಬರು ಮಕ್ಕಳು. ತಜ್ಞರಿಗೆ ಉಳಿದದ್ದು ಹಿಂದಿನ ಸಾಲು. "ಸಾರ್, ನೀವು ಹಿಂದೆ ಕೂತ್ರೆ ಪೂರ್ತಿ ಗಾಡಿ ನೋಡ್ದಂಗಾಗುತ್ತೆ," ಎಂದ ಮಂಜುನಾಥ್. ಮಧ್ಯದ ಸೀಟನ್ನು ಮಡಚಿಸಿ, ಸೊಂಟ ಬಗ್ಗಿಸಿ, ಒಂದು ಕಾಲನ್ನು ಮೊದಲು ಒಳಗೆ ಕಳಿಸಿ, ಇನ್ನೊಂದನ್ನು ಕೈಯಿಂದ ಎಳೆದುಕೊಂಡು ಹೇಗೋ ಸೇರಿಕೊಂಡೆ. ಹೊಸ ಸೀಟಿನ ವಾಸನೆ ಮೂಗಿಗೆ ಅಡರಿತು. ನೀವು ಎಂದಾದರೂ ಮೂರನೇ ಸಾಲಿನಲ್ಲಿ ಕೂತಿದ್ದೀರಾ? ಮೊಣಕಾಲು ಎದೆಗೆ ಬರುತ್ತದೆ. ಕಿಟಕಿಯ ಗಾಜು ಇಳಿಯುವುದಿಲ್ಲ. ಹಳೇ ಮದ್ರಾಸ್ ರಸ್ತೆಯ ಪ್ರತಿ ಹಂಪೂ ನೇರವಾಗಿ ಬೆನ್ನಿಗೇ ಬರುತ್ತದೆ. ಮುಂದೆ ಏನೋ ಮಾತಾಯಿತು, ಎಲ್ಲರೂ ನಕ್ಕರು. "ಏನಂದ್ರಿ?" ಎಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಕೇಳಿದೆ. ಮೂರನೆಯ ಸಲ ಕೇಳುವ ಮನಸ್ಸಾಗಲಿಲ್ಲ.

ಇದನ್ನೆಲ್ಲ ನಮ್ಮ ಪದ್ಮಕ್ಕ ಹತ್ತು ವರ್ಷದ ಹಿಂದೆಯೇ ನನಗೆ ಬರೆದುಕೊಟ್ಟಿದ್ದಳು. ಅದೂ ದುಂಡಗಿನ ಅಕ್ಷರದಲ್ಲಿ, ನನ್ನದೇ ನೋಟ್‌ಬುಕ್ಕಿನಲ್ಲಿ: 'ಹಿಂದೆ ಕೂತವರಿಗೆ ಮುಂದಿನವರ ಮಾತು ಕೇಳುವುದಿಲ್ಲ. ಹಿಂದಿನವರ ಮಾತಂತೂ ಮುಂದಕ್ಕೆ ಹೋಗುವುದೇ ಇಲ್ಲ.'

ಪದ್ಮಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ಎಂಟು, ಅವಳಿಗೆ ಹದಿನೆಂಟು. ಶಿವಾಜಿನಗರದ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿ, ನನ್ನನ್ನು ಓದಿಸಿ, ಮದುವೆ ಮಾಡಿ, ತನ್ನ ಮದುವೆಯ ವಿಷಯ ಯಾರಾದರೂ ಎತ್ತಿದರೆ "ಈ ಕರಡು ಮುಗೀಲಿ, ನೋಡೋಣ" ಎನ್ನುತ್ತ ಅರವತ್ತು ಮುಟ್ಟಿದವಳು. ಹಲಸೂರಿನ ಗುಡಿಯ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ ಎರಡು ಕೋಣೆಯ ಮನೆ ಅವಳದು. ಓದಿದ್ದರಲ್ಲೆಲ್ಲ ತಪ್ಪು ಹಿಡಿಯುವ ಚಾಳಿ ಅವಳಿಗೆ ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಮದುವೆ ಕರೆಯೋಲೆ ಬಂದರೆ ಮೊದಲು ಪೆನ್ಸಿಲ್ ಹುಡುಕುವಳು, ಮುಹೂರ್ತ ನೋಡುವುದು ಆಮೇಲೆ.

ಆಗ ನಮ್ಮಲ್ಲಿ ಒಂದು ಸಣ್ಣ ಕಾರಿತ್ತು. ನಾನು, ಹೆಂಡತಿ ಶಾರದ, ಇಬ್ಬರು ಮಕ್ಕಳು, ನಮ್ಮ ಜೊತೆಗೇ ಇದ್ದ ನಮ್ಮತ್ತೆ, ಅಂದರೆ ಶಾರದಳ ತಾಯಿ: ಇಷ್ಟಕ್ಕೇ ಅದು ತುಂಬುತ್ತಿತ್ತು. ಆದರೂ ಎಲ್ಲಿಗೆ ಹೊರಟರೂ ಹಲಸೂರಿಗೆ ಹೋಗಿ ಪದ್ಮಕ್ಕನನ್ನು ಹತ್ತಿಸಿಕೊಳ್ಳುತ್ತಿದ್ದೆವು. ಒಂದು ಮಗು ಅವಳ ತೊಡೆಯ ಮೇಲೆ. ಹೀಗೆ ಎಷ್ಟೋ ವರ್ಷ ನಡೆಯಿತು. ಆದರೆ ತೊಡೆಯ ಮೇಲಿನ ಮಗುವಿಗೆ ಹನ್ನೊಂದು ತುಂಬಿ ಅದರ ಕಾಲು ನೆಲಕ್ಕೆ ಎಟುಕಿದಾಗ ದೊಡ್ಡ ಗಾಡಿಯ ಮಾತು ಬಂತು. "ಅಕ್ಕನ್ನೂ ಕರ್ಕೊಂಡು ಹೋಗೋ ಥರದ್ದೇ ತಗೊಳ್ಳೋಣ," ಎಂದು ಎಲ್ಲರ ಮುಂದೆ ನಾನೇ ಹೇಳಿದೆ. ಅವಳ ಮುಂದೆಯೂ ಹೇಳಿದೆ. ಇದನ್ನು ನೀವು ನೆನಪಿಡಿ, ಯಾಕೆಂದರೆ ನಾನು ಅದನ್ನು ಮರೆತೆ.

ನಾನು ಸುಮ್ಮನೆ ಕಾರು ಕೊಳ್ಳುವ ಪೈಕಿಯಲ್ಲ. ತರಕಾರಿಯವನ ಹತ್ತಿರ ಬದನೆಕಾಯಿಯನ್ನೂ ತಿರುಗಿಸಿ ನೋಡುವವನು. ಒಂದು ನೋಟ್‌ಬುಕ್ ತಂದು ಕೋಷ್ಟಕ ಹಾಕಿದೆ. ಮೈಲೇಜು, ನೆಲದಿಂದ ಗಾಡಿಯ ತಳದ ಎತ್ತರ, ನಮ್ಮ ಇಕ್ಕಟ್ಟು ರಸ್ತೆಯಲ್ಲಿ ಒಂದೇ ಸಲಕ್ಕೆ ತಿರುಗುತ್ತದೋ ಇಲ್ಲವೋ, ಡಿಕ್ಕಿಯ ಅಳತೆ, ಬಿಡಿಭಾಗ ಸಿಗುವ ಸಲೀಸು, ಮೂರನೇ ಸಾಲು. ಒಟ್ಟು ನೂರು ಅಂಕ. ಅದರಲ್ಲಿ ಮೂರನೇ ಸಾಲಿಗೆ ಹದಿನೈದು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಭಾನುವಾರಗಳು. ಕಾರಿನ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಹತ್ತದೆ, ನಾವು ನೋಡಿದ ಬಣ್ಣದಿಂದಲೇ ಕರೆಯುತ್ತಿದ್ದೆವು. ಬಿಳಿ ಗಾಡಿ, ಬೂದು ಗಾಡಿ, ಎರಡೂ ಏಳು ಸೀಟಿನವು. ಅತ್ತೆಗೆ ಮಂಡಿ ನೋವು, ಮಕ್ಕಳಿಗೆ ಹಿಂದೆ ಕೂತರೆ ವಾಂತಿ. "ನಾನು ಸಣ್ಣಗಿದೀನಿ, ಹಿಂದೆ ನಾನ್ ಕೂತ್ಕೋತೀನಿ," ಎಂದು ಪದ್ಮಕ್ಕ ತಾನಾಗಿಯೇ ಹೇಳಿದಳು. ಸೀರೆಯ ನೆರಿಗೆ ಎತ್ತಿ ಹಿಡಿದು, ಚಪ್ಪಲಿ ಹೊರಗೆ ಬಿಟ್ಟು ಹತ್ತುತ್ತಿದ್ದಳು. ಹೊಸ ಗಾಡಿಯೊಳಗೆ ಚಪ್ಪಲಿ ಹಾಕಿಕೊಂಡು ಹೋಗಬಾರದೆಂದು ಅವಳಿಗೆ ಯಾರು ಹೇಳಿದ್ದರೋ. ಕೆ.ಆರ್. ಪುರದ ಸೇತುವೆಯವರೆಗೆ ಹೋಗಿ ಬಂದು, ಇಳಿದು, ನೋಟ್‌ಬುಕ್ ಇಸಿದುಕೊಂಡು ಮೂರನೇ ಸಾಲಿನ ಕಾಲಮಿನಲ್ಲಿ ಅವಳೇ ಬರೆಯುವಳು. ಬಿಳಿಯದಕ್ಕೆ ಹದಿನೈದರಲ್ಲಿ ಆರು: 'ಮೊಣಕಾಲು ಗಲ್ಲಕ್ಕೆ ತಾಕುತ್ತದೆ. ಸೆಕೆ.' ಮಾತು ಕೇಳುವುದಿಲ್ಲ ಎಂದು ಬರೆದದ್ದೂ ಅದಕ್ಕೇ. ಬೂದು ಗಾಡಿಗೆ ಹನ್ನೆರಡು ಕೊಟ್ಟಳು. ಅಲ್ಲಿ ಅವಳು ಎಷ್ಟು ಹೊತ್ತು ಕೂತಿದ್ದಳೆಂದರೆ ಶೋರೂಮಿನ ಹೆಣ್ಣುಮಗಳು, "ಹಿಂದಿನ ಸೀಟಲ್ಲಿ ಇಷ್ಟ್ ಹೊತ್ತು ಕೂತು ನೋಡಿದೋರು ನೀವೊಬ್ರೇ ಅಮ್ಮ," ಎಂದಳು. "ನಾಳೆ ಕೂರೋಳು ನಾನೇ ಅಲ್ವೇನಮ್ಮ," ಎಂದಳು ಪದ್ಮಕ್ಕ. ಆ ಹೊತ್ತಿನ ಅವಳ ಮುಖ ನನಗೆ ಈಗಲೂ ಕಾಣುತ್ತದೆ. ಕಾಣದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಕೆಂಪು ಗಾಡಿ ಬಂತು. ಸುಮ್ಮನೆ ನೋಡಿಕೊಂಡು ಬರೋಣ ಎಂದು ಹೋದದ್ದು, ಅಕ್ಕನಿಲ್ಲದ ಒಂದು ಸಂಜೆ. ಐದು ಸೀಟು. ಎದೆಯುಬ್ಬಿಸಿದ ಮುಖ, ಮುಂದೆ ದೊಡ್ಡ ಪರದೆ, ಹಿಂದಕ್ಕೆ ತೆಗೆಯುವಾಗ ದಾರಿ ತೋರಿಸುವ ಕ್ಯಾಮೆರಾ, ಒಂದು ಸಣ್ಣ ಮಂಚ ಹಿಡಿಸುವಷ್ಟು ಡಿಕ್ಕಿ. ಮಕ್ಕಳು ಇಳಿಯಲೇ ಒಲ್ಲರು. ಮನೆಗೆ ಬಂದ ಮೇಲೆ ಶಾರದ ಹೇಳಿದಳು, "ರೀ, ವರ್ಷಕ್ಕೆ ನಾಕೈದು ಸಲ ಅಕ್ಕ ಬರೋದಕ್ಕೆ ಎರಡು ಸೀಟು ಯಾವಾಗ್ಲೂ ಹೊತ್ಕೊಂಡು ತಿರುಗ್ಬೇಕಾ? ನೀವೇ ಯೋಚ್ನೆ ಮಾಡಿ." ನಾನು ಯೋಚನೆ ಮಾಡಿದೆ. ಶಾರದಳ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಈಗಲೂ ಸುಲಭ. ಆದರೆ ಪೆನ್ನು ಇದ್ದದ್ದು ನನ್ನ ಕೈಯಲ್ಲಿ.

ಅಂಕ ಕೂಡಿದರೆ ಬೂದು ಗಾಡಿಯೇ ಗೆಲ್ಲುತ್ತಿತ್ತು. ನಾನು ಮೂರನೇ ಸಾಲಿನ ಹದಿನೈದನ್ನು ಹೊಡೆದು ಐದು ಮಾಡಿದೆ. ಉಳಿದ ಹತ್ತನ್ನು ಡಿಕ್ಕಿಗೆ ಹಾಕಿದೆ. ಪಕ್ಕದಲ್ಲಿ ಕಾರಣ ಬರೆದೆ: 'ಅಪರೂಪದ ಬಳಕೆ.' ಕಾರ್ಖಾನೆಯಲ್ಲಿ ಯಾವುದೇ ಅಂಕಿ ತಿದ್ದಿದರೂ ತಿದ್ದಿದವನು ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕು, ಇಲ್ಲದಿದ್ದರೆ ಮೆಮೋ ಬರುತ್ತದೆ. ಅಭ್ಯಾಸಬಲ, ಅಲ್ಲೂ ಸಹಿ ಹಾಕಿದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮೂವತ್ತು ವರ್ಷ ಇನ್ನೊಬ್ಬರ ತಿದ್ದುಪಡಿ ಹಿಡಿದು ಗದರಿಸಿದವನು ನಾನು. ಕೂಡಿ ನೋಡಿದೆ, ಕೆಂಪು ಗಾಡಿ ಮೂರು ಅಂಕದಿಂದ ಮುಂದೆ ಬಂದಿತ್ತು. ನನಗೆ ನಿಜವಾಗಿಯೂ ಸಮಾಧಾನವಾಯಿತು. ಲೆಕ್ಕವೇ ಹಾಗೆ ಹೇಳಿದರೆ ನಾನೇನು ಮಾಡಲಿ?

ಮರು ಭಾನುವಾರ ಬೂದು ಗಾಡಿಯನ್ನು ಎರಡನೇ ಸಲ ನೋಡುವುದೆಂದು ಮೊದಲೇ ಗೊತ್ತಾಗಿತ್ತು. ಬೇಡ ಎನ್ನಲು ಬಾಯಿ ಬರದೆ ಅಕ್ಕನನ್ನು ಕರೆದುಕೊಂಡು ಹೋಗಿ ಬಂದೆ. ನಮ್ಮ ಮನೆಯ ಊಟದ ಮೇಜಿನ ಮೇಲೆ ಅವಳು ನೋಟ್‌ಬುಕ್ ಬಿಡಿಸಿದಳು. ನಲವತ್ತು ವರ್ಷ ಕರಡು ತಿದ್ದಿದ ಕಣ್ಣು. ಹೊಡೆದ ಅಂಕಿ, ಬರೆದ ಅಂಕಿ, ಸಹಿ, ಮೂರರ ಮೇಲೂ ಅವಳ ಬೆರಳು ನಿಧಾನವಾಗಿ ಹೋಯಿತು.

"ಹದಿನೈದು ಇದ್ದಿದ್ದು ಐದಾಗಿದೆ."

"ಅದು... ವರ್ಷಕ್ಕೆ ಎಷ್ಟು ಸಲ ಅಂತ ನೋಡ್ದೆ ಅಕ್ಕ. ಹಾಗೇ ಅಂದಾಜಿಗೆ."

"ಸರಿಯಾಗೇ ಬರ್ದಿದೀಯ ಬಿಡು. ಅಪರೂಪಾನೇ," ಎಂದಳು.

ಆಮೇಲೂ ಅವಳು ತನ್ನ ಕಾಲಮನ್ನು ಖಾಲಿ ಬಿಟ್ಟು ಏಳಲಿಲ್ಲ. ಬೂದು ಗಾಡಿಯ ಮುಂದೆ ಅದೇ ದುಂಡಗಿನ ಅಕ್ಷರದಲ್ಲಿ, 'ಹಿಂದಿನವರಿಗೂ ಗಾಳಿ ಬರುತ್ತದೆ. ಚೆನ್ನಾಗಿದೆ' ಎಂದು ಬರೆದು, ಪೆನ್ನಿನ ಮುಚ್ಚಳ ಹಾಕಿ, ನೀರು ಕುಡಿದು, ಬಸ್ಸಿಗೆ ಹೊರಟಳು. ಬಿಡುತ್ತೇನೆ ಎಂದೆ. "ಬೇಡಪ್ಪ, ಇಲ್ಲೇ ಸ್ಟಾಪ್ ಇದೆಯಲ್ಲ," ಎಂದಳು. ಅವಳು ಜಗಳವಾಡಿದ್ದರೆ ನಾನೂ ಎರಡು ಮಾತಾಡಿ ಗೆಲ್ಲುತ್ತಿದ್ದೆನೇನೋ. ಅಥವಾ ಸೋಲುತ್ತಿದ್ದೆ. ಎರಡೂ ಇದಕ್ಕಿಂತ ವಾಸಿ.

ಕೆಂಪು ಗಾಡಿಯ ಪೂಜೆ ಹಲಸೂರಿನ ಗುಡಿಯ ಮುಂದೆಯೇ ಆಯಿತು. ಅಕ್ಕ ಹಾರ ಕಟ್ಟಿ ತಂದಿದ್ದಳು. ಡಿಕ್ಕಿ ತೆಗೆದು ತೋರಿಸಿದರೆ, "ಸಾಮಾನಿಗೆ ಒಳ್ಳೇ ಜಾಗ ಇದೆ," ಎಂದಳು. ಆ ಮಾತಿನಲ್ಲಿ ಕೊಂಕಿತ್ತೋ ಇಲ್ಲವೋ, ಹತ್ತು ವರ್ಷದಿಂದ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಮೊದಲ ಸುತ್ತಿಗೆ ಒತ್ತಿಕೊಂಡು ಕೂರೋಣ ಬಾ ಎಂದರೆ ಬರಲಿಲ್ಲ. ಆಮೇಲೆ ಯಾವ ಸುತ್ತಿಗೂ ಬರಲಿಲ್ಲ. ಮೊದಮೊದಲು ನಾವು ಕರೆಯುತ್ತಿದ್ದೆವು, ಅವಳು ಒಲ್ಲೆ ಎನ್ನುತ್ತಿದ್ದಳು. ಒಲ್ಲೆ ಎನ್ನುತ್ತಾಳೆಂದು ಗೊತ್ತಾದ ಮೇಲೆ ಕರೆಯುವುದು ಇನ್ನೂ ಸಲೀಸಾಯಿತು. ಆಮೇಲೆ ಹೋಗಿ ಬಂದು ಪ್ರಸಾದ ಮಾತ್ರ ಕಳಿಸುತ್ತಿದ್ದೆವು. ಈಗ ಅತ್ತೆ ಇಲ್ಲ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿ, ಮಗನಿಗೆ ಅವನದೇ ಬೈಕು. ಐದು ಸೀಟಿನಲ್ಲಿ ಮೂರು ಖಾಲಿಯಾಗಿಯೇ ಓಡುತ್ತವೆ. ಡಿಕ್ಕಿಯಲ್ಲಿ ಒಂದು ಹಳೆಯ ಕೊಡೆ, ಒಂದು ನೀರಿನ ಬಾಟಲಿ ಇರುತ್ತವೆ, ಅಷ್ಟೆ.

ಭಾನುವಾರ ಗಾಡಿಯಿಂದ ಇಳಿದಾಗ ಮಂಜುನಾಥ್ ಕೇಳಿದ, "ಹಿಂದೆ ಹೆಂಗಿತ್ತು ಸಾರ್?" "ಅಲ್ಲಿ ಯಾರ್ ಕೂತ್ಕೋತಾರೋ ಅವರನ್ನೇ ಕೇಳು. ಕೇಳಿದ ಮೇಲೆ ಅವರು ಹೇಳಿದ್ದನ್ನ ತಿದ್ದಬೇಡ," ಎಂದೆ. ಅವನಿಗೆ ಇದು ತಜ್ಞನ ಮಾತೆನಿಸಲಿಲ್ಲ. ಮೈಲೇಜು ಎಷ್ಟು ಕೊಡಬಹುದು ಎಂದು ವಿಚಾರಿಸಿದ.

ಗುರುವಾರ ಕೆ.ಆರ್. ಪುರದಲ್ಲಿ ನಮ್ಮ ಸೋದರಮಾವನ ಮೊಮ್ಮಗಳ ಮದುವೆ ಇತ್ತು. ಬುಧವಾರವೇ ಅಕ್ಕನಿಗೆ ಫೋನ್ ಮಾಡಿದೆ. "ನಾನು, ಶಾರದ ಇಬ್ರೇ ಅಕ್ಕ. ಗಾಡಿ ಮನೆ ಹತ್ರಾನೇ ತರ್ತೀನಿ. ನೀನು ಮುಂದೆ ಕೂತ್ಕೋ." "ಮೆಟ್ರೋ ಇದೆ ಕಣೋ," ಎಂದಳು. "ಅಲ್ಲಿ ವಯಸ್ಸಾದೋರಿಗೆ ಅಂತ ಸೀಟು ಬರ್ದೇ ಇಟ್ಟಿದಾರೆ. ಯಾರೋ ಗುರ್ತಿಲ್ಲದ ಹುಡುಗಿ ಎದ್ದು ಜಾಗ ಕೊಡ್ತಾಳೆ. ನನಗೆ ಅಷ್ಟು ಸಾಕು." ಹಳೆಯದನ್ನೆಲ್ಲ ಆಗಲೇ ಹೇಳಿ ತಪ್ಪೊಪ್ಪಿಕೊಳ್ಳಬೇಕೆಂದಿದ್ದೆ. "ಸರಿ ಅಕ್ಕ," ಎಂದು ಫೋನ್ ಇಟ್ಟೆ.

ನಾವಿಬ್ಬರೂ ಅಷ್ಟು ದೊಡ್ಡ ಗಾಡಿಯಲ್ಲಿ ಕೂತು ಟಿನ್ ಫ್ಯಾಕ್ಟರಿ ಹತ್ತಿರ ವಾಹನಗಳ ಸಾಲಿನಲ್ಲಿ ಸಿಕ್ಕಿ ಒಂದು ಗಂಟೆ ಕೊಳೆತೆವು. ಛತ್ರ ಸೇರುವ ಹೊತ್ತಿಗೆ ಮುಹೂರ್ತ ಮುಗಿದು, ಊಟದ ಎರಡನೇ ಪಂಕ್ತಿಗೆ ಜನ ನುಗ್ಗುತ್ತಿದ್ದರು. ಒಬ್ಬೊಬ್ಬ ಊಟ ಮಾಡುವವನ ಬೆನ್ನ ಹಿಂದೆಯೂ ಒಬ್ಬ ನಿಂತು ಕುರ್ಚಿ ಕಾಯುವ ನಮ್ಮೂರಿನ ಊಟದ ಮನೆ ನಿಮಗೆ ಗೊತ್ತೇ ಇದೆ. ಆ ಗದ್ದಲದೊಳಗೆ ಅಕ್ಕನ ದನಿ ಕೇಳಿಸಿತು. ಮೂಲೆಯ ಸಾಲಿನಲ್ಲಿ ಕೂತಿದ್ದಾಳೆ. ಪಕ್ಕದ ಕುರ್ಚಿಯ ಮೇಲೆ ಅವಳ ಪರ್ಸು, ಅದರಾಚೆಯದರ ಮೇಲೆ ಕರವಸ್ತ್ರ. ರೇಷ್ಮೆ ಶರ್ಟಿನವರೊಬ್ಬರು ಕುರ್ಚಿಯ ಬೆನ್ನು ಹಿಡಿದುಕೊಂಡು ವಾದಿಸುತ್ತಿದ್ದಾರೆ.

"ಯಾರೂ ಇಲ್ವಲ್ಲಮ್ಮ, ಆವಾಗಿಂದ ಖಾಲಿ ಇದೆ. ಹೋದ ಪಂಕ್ತೀಲೂ ನೀವು ಊಟಕ್ಕೆ ಕೂರ್ಲಿಲ್ಲ."

"ಬರ್ತಾರೆ ರೀ. ನಮ್ಮನೆಯವರು. ನಾವು ಮೂರು ಜನ," ಎಂದಳು ಅಕ್ಕ.

ನನ್ನನ್ನು ನೋಡಿ ಪರ್ಸು ಎತ್ತಿಕೊಂಡಳು. ನಾನು ಕೂತೆ, ಶಾರದ ಕೂತಳು. ಎಲೆಗೆ ನೀರು ಚಿಮುಕಿಸುತ್ತ ಪದ್ಮಕ್ಕ, "ಟ್ರಾಫಿಕ್ ಜಾಸ್ತಿ ಇತ್ತಾ?" ಎಂದು ಕೇಳಿದಳು.