ಕೇಳದೆ ಹಾಕಿದ ಫೋಟೋ

ಗೆಳತಿಯರೇ, ಇವತ್ತು ಬೆಳಗಿನ ರೊಟ್ಟಿ ತಣ್ಣಗಾಗುವ ಮೊದಲೇ ನಾನು ಸೋತು ಹೋದೆ.

ನಿನ್ನೆ ರಾಣೆಬೆನ್ನೂರಿನಲ್ಲಿ ಬಸುರಿಯಾಗಿರುವ ಅಕ್ಕನ ಮಗಳ ಕುಬಸ. ನನ್ನ ಮಗಳು ಇಳಕಲ್ ಸೀರೆ ಉಟ್ಟಿದ್ದಳು. ಚೆಂದ ಕಂಡಳೆಂದು ಫೋಟೋ ಸ್ಟೇಟಸ್‌ಗೆ ಹಾಕಿದೆ. ಇವತ್ತು ಬೆಳಿಗ್ಗೆ ಹಲಗೇರಿಯಿಂದ ನಾದಿನಿಯ ಫೋನು. ರೊಟ್ಟಿ ಬಡಿಯುತ್ತಿದ್ದುದರಿಂದ ಸ್ಪೀಕರ್‌ಗೆ ಹಾಕಿದೆ.

“ವೈನಿ, ನಿಮ್ಮ ಸ್ಟೇಟಸ್ಸಿನ ಫೋಟೋ ಬ್ಯಾಡಗಿಯ ಗಂಡಿನ ಕಡೆಯವರಿಗೆ ಕಳಿಸಿದ್ದೆ. ಹುಡುಗಿ ಅವರ ಮನಸ್ಸಿಗೆ ಬಂದಾಳ. ಐತವಾರ ನೋಡಾಕ ಬರ್ತಾರ.”

ಬಿ.ಎಸ್ಸಿ. ಎರಡನೇ ವರ್ಷದ ಮಗಳು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟಳು.

“ದಿನಾ ನನ್ನ ಫೋನ್ ತಗೊಂಡು ನೋಡ್ತಿ. ಫೋಟೋ ಯಾರಿಗೂ ಕಳಿಸಬ್ಯಾಡ ಅಂತಿ. ಈಗ ಊರತುಂಬ ಹಂಚಿದಾಕಿ ಯಾರು ಮಮ್ಮಿ?”

“ನಾ ನಿಮ್ಮವ್ವ ಅಲ್ಲೇನವಾ?”

“ಅವ್ವಾದ್ರ ಒಂದ್ ಮಾತು ಕೇಳಬಾರದೇನು?”

ಇನ್ನೂ ಫೋನಿನಲ್ಲಿದ್ದ ನಾದಿನಿಗೆ ಹೇಳಿದೆ, “ಅವರಿಗೆ ಬರಬ್ಯಾಡ್ರಿ ಅಂತ ಹೇಳವಾ. ಅಕಿ ಓದಾಕತ್ತಾಳ.”

“ಕುಣೀರಿ ಇನ್ನ, ಅಕಿ ಹೇಳಿದಂಗ!” ಎಂದು ಅವಳು ಫೋನಿಟ್ಟಳು.

ಈ ಪೋಸ್ಟನ್ನು ಮಗಳಿಗೆ ತೋರಿಸಿ, ಅವಳು ಹೂಂ ಅಂದ ಮೇಲೆಯೇ ಹಾಕುತ್ತಿದ್ದೇನೆ. ಎರಡು ಸಾಲು ತೆಗೆಸಿದಳು. ಅವೇ ಚೆನ್ನಾಗಿದ್ದವು.