ಬಿಸಿಲಿನ ತಕರಾರು

ನಮ್ಮ ಮಂಡ್ಯದಲ್ಲಿ ನೀರಿಗಾಗಿ ಜಗಳವಾಡದವರು ಯಾರಿದ್ದಾರೆ ಹೇಳಿ? ಬಿಸಿಲಿಗಾಗಿ ಜಗಳವಾಡಿದವನು ಮಾತ್ರ ನಾನೊಬ್ಬನೇ ಇರಬೇಕು. ಏಪ್ರಿಲ್ ತಿಂಗಳಲ್ಲಿ ಇಲ್ಲಿ ಬಿಸಿಲನ್ನು ಪುಕ್ಕಟೆ ಕೊಟ್ಟರೂ ನಾಯಿಯೂ ಮೂಸುವುದಿಲ್ಲ. ಆದರೂ ನನ್ನ ಪಾಲಿನದನ್ನು ಕಿತ್ತುಕೊಂಡರಲ್ಲ ಎಂದು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮ ನಡುಮನೆಗೆ ಪೂರ್ವಕ್ಕೊಂದು ಕಿಟಕಿ. ಅಲ್ಲಿ ಹೂ ಅರಳಿಸುವ ಹುಚ್ಚು ಹತ್ತಿದಾಗ, ನರ್ಸರಿಯಲ್ಲಿ ಅಂದಕ್ಕೆ ಮರುಳಾಗಿ ಊಟಿ ಕಡೆಯ ನೇರಳೆ ಹೂವಿನ ಗಿಡವೊಂದನ್ನು ತಂದೆ. ನಮ್ಮ ಸೆಕೆಗೆ ಅದು ವಾರದೊಳಗೆ ಬೆಂದ ಸೊಪ್ಪಾಯಿತು. ಕಿಟಕಿಗೆ ಗಿಡ ಆರಿಸುವುದೂ ಸಂಬಂಧ ನೋಡುವುದೂ ಒಂದೇ. ರೂಪ ಆಮೇಲೆ, ಮನೆಗೆ ಹೊಂದುತ್ತದೆಯೇ ಎಂಬುದು ಮೊದಲು. ಬುದ್ಧಿ ಬಂದ ಮೇಲೆ ಟೇಬಲ್ ರೋಸ್, ನಿತ್ಯಪುಷ್ಪ, ಒಂದು ಕುಳ್ಳ ಕೆಂಪು ದಾಸವಾಳ ತಂದೆ. ಎಲ್ಲವೂ ಬಿಸಿಲು ಕುಡಿದೇ ಬದುಕುವ ಜಾತಿ. ದಿನವೂ ಮಣ್ಣಿಗೆ ಬೆರಳು ಚುಚ್ಚಿ, ಒಣಗಿದ್ದರೆ ಮಾತ್ರ ನೀರು. "ನಂಗೆ ಜ್ವರ ಬಂದಾಗ ಒಂದ್ ದಿನಾನೂ ಇಂಗೆ ಮುಟ್ಟಿ ನೋಡ್ಲಿಲ್ಲ" ಎಂದಳು ಹೆಂಡತಿ.

ಮಳವಳ್ಳಿ ಕಡೆಯ ನಮ್ಮ ತಾತನ ಮನೆಗೆ ಕಿಟಕಿಯೇ ಇರಲಿಲ್ಲ. ಗೇಣಗಲದ ಬೆಳಕಿಂಡಿ ಒಂದಿತ್ತು, ಅಷ್ಟೇ. ದಿನವಿಡೀ ಗದ್ದೆಯಲ್ಲಿ ಬೆನ್ನು ಸುಟ್ಟುಕೊಂಡವರು ಬಿಸಿಲನ್ನು ಮನೆಯೊಳಕ್ಕೂ ಕರೆಯುತ್ತಾರೆಯೇ? ಕರೆದು ಕೂರಿಸಿದ ಮೊದಲನೆಯವನು ನಾನು, ಕಳೆದುಕೊಂಡವನೂ ನಾನೇ.

ಪಕ್ಕದ ಮನೆಯ ಪುಟ್ಟಸ್ವಾಮಿ ಹಳೆಯದನ್ನು ಕೆಡವಿ ಮಹಡಿ ಮನೆ ಎತ್ತಿದರು. ನಡುವೆ ಬಿಡಬೇಕಾದ ಜಾಗ ಬಿಡದೆ, ನನ್ನ ಕಿಟಕಿಗೆ ಒಂದು ಮೊಳ ದೂರದಲ್ಲಿ ಗೋಡೆ! ದಾಸವಾಳದ ಮೊಗ್ಗುಗಳು ಅರಳುವ ಮೊದಲೇ ಉದುರತೊಡಗಿದವು. ಹೋಗಿ ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ.

"ಬಿಸ್ಲಿಗ್ಯಾಕೆ ಸಾರ್ ಇಂಗಾಡ್ತೀರಿ? ನೆಳ್ಳು ಮಾಡ್ಕೊಟ್ಟವ್ನಿಗೆ ಕೈ ಮುಗೀಬೇಕು ಕಣ್ರೀ!" ಎಂದು ಪುಟ್ಟಸ್ವಾಮಿ ನಕ್ಕರು.

ಅಷ್ಟರಲ್ಲಿ ಅವರ ಹೆಂಡತಿ ಜಯಮ್ಮ ಹೊರಗೆ ಬಂದರು. "ಬುಡಿ ಅಣ್ಣ, ನಿಮ್ ಕುಂಡಗಳ್ನ ನಮ್ ತಾರಸಿ ಮ್ಯಾಲೆ ಇಟ್ಕಳಿ. ಬಿಸ್ಲೆಲ್ಲಾ ಈಗ ಅಲ್ಲೇ ಅದೆ."

ಕಿತ್ತುಕೊಂಡವರೇ ದಾನಕ್ಕೆ ನಿಂತಿದ್ದರು. ಬೇಡವೆನ್ನಲು ಬಾಯಿ ತೆರೆದೆ. ಬೇಡವೆಂದರೆ ಸಾಯುವುದು ನಾನಲ್ಲ, ಗಿಡ. ಹಲ್ಲು ಕಚ್ಚಿಕೊಂಡು ಒಂದೊಂದೇ ಕುಂಡವನ್ನು ಅವರ ಮೆಟ್ಟಿಲು ಹತ್ತಿಸಿದೆ.

ಈಗ ನೀರು ಹಾಕಲು ಅವರ ಮನೆಯ ಗೇಟು ತಟ್ಟಬೇಕು. ನನ್ನ ದಾಸವಾಳ ಅವರ ದೇವರ ಪಟಗಳ ಮೇಲೆ ಕೂತಿರುತ್ತದೆ. ಜಯಮ್ಮ ಅದರಲ್ಲೇ ಒಂದನ್ನು ನನ್ನ ಕೈಗಿತ್ತು "ಪ್ರಸಾದ, ತಕಳಿ" ಎನ್ನುತ್ತಾರೆ. ನಾನು ಅದನ್ನು ಕಣ್ಣಿಗೊತ್ತಿಕೊಳ್ಳಬೇಕು! ಅದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ನನ್ನ ಕಿಟಕಿಯಲ್ಲಿ ದಿನಕ್ಕೊಂದು ಹೂ ಬಿಟ್ಟು ಉಪಕಾರ ಮಾಡುತ್ತಿದ್ದ ಗಿಡ, ಅಲ್ಲಿ ಎಲೆ ಕಾಣದಷ್ಟು ಹೂ ಬಿಟ್ಟಿದೆ. ಪುಟ್ಟಸ್ವಾಮಿಯ ಮೇಲೆ ನನಗಿರುವ ಸಿಟ್ಟು ಇರಲಿ, ಅದು ಹೋಗುವುದಲ್ಲ. ಆದರೆ ಇಷ್ಟು ದಿನ ಸಾಕಿದ್ದಕ್ಕಾದರೂ ಈ ಗಿಡ ಒಂದೆರಡು ದಿನ ನನ್ನ ಪರವಾಗಿ ಬಾಡಬಾರದಿತ್ತೇ?